ನಂಜನಗೂಡಿನಿಂದ ನರಸೀಪುರಕ್ಕೆ ಒಗ್ಗಟ್ಟಿನ ಸವಾರಿ

ಮಾತು ಬಿಟ್ಟ ಇಬ್ಬರು ಗಂಡಸರನ್ನು ಒಂದು ಮಾಡುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಇಬ್ಬರು ಗಂಡುಮಕ್ಕಳನ್ನು ಹೆತ್ತು ಸಾಕಿದವಳು ನಾನು. ಒಂದೇ ಚೆಂಡಿಗೆ ಹೊಡೆದಾಡಿದವರನ್ನು ಹತ್ತು ನಿಮಿಷದಲ್ಲಿ ಒಂದೇ ತಟ್ಟೆಗೆ ಕೂರಿಸಿ ಉಣಿಸಿದ ಅನುಭವ ನನ್ನದು. ಆದರೆ ಆ ಮಕ್ಕಳಿಗೆ ಆಗ ಆರು ಮತ್ತು ಎಂಟು ವರ್ಷ. ನಮ್ಮ ಕಾರ್ಖಾನೆಯ ಮಹದೇವಸ್ವಾಮಿ ಮತ್ತು ಸಿದ್ದರಾಜು ಇಬ್ಬರೂ ಐವತ್ತರ ಆಸುಪಾಸಿನವರು. ಈ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ನಾನು ಅದರ ಮ್ಯಾನೇಜರ್. ಮಹದೇವಸ್ವಾಮಿ ಸ್ಟೋರ್ ನೋಡಿಕೊಳ್ಳುತ್ತಾರೆ, ಕಳಲೆಯವರು. ಸಿದ್ದರಾಜು ಪೆಟ್ಟಿಗೆಗಳನ್ನು ಗಾಡಿಗೆ ಹಾಕಿ ಕಳಿಸುವವರು, ನಂಜನಗೂಡು ಪೇಟೆಯಲ್ಲೇ ಮನೆ. ಹದಿನೈದು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡ ಈ ಇಬ್ಬರು ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾರಣ ಗೃಹಪ್ರವೇಶ. ಮಹದೇವಸ್ವಾಮಿ ಹೊಸ ಮನೆ ಕಟ್ಟಿಸಿ ಊಟ ಹಾಕಿಸಿದ ದಿನ, ಸಿದ್ದರಾಜು ಎಲೆಯ ಮುಂದೆ ಕೂತಿದ್ದಾರೆ. ಅನ್ನ ಇನ್ನೇನು ಬೀಳಬೇಕು, ಅಷ್ಟರಲ್ಲಿ ಯಾರೋ ಬಂದು ‘ಬೀಗರಿಗೆ ಜಾಗ ಬೇಕು, ಮುಂದಿನ ಪಂಕ್ತಿಗೆ ಕೂತ್ಕಳಿ’ ಎಂದು ಎಬ್ಬಿಸಿದರು. ಸಿದ್ದರಾಜು ಎದ್ದವರು ಮುಂದಿನ ಪಂಕ್ತಿಗೆ ಕೂರಲಿಲ್ಲ. ನೇರ ಬಸ್‌ಸ್ಟ್ಯಾಂಡಿಗೆ ಹೋದರು. ಎಬ್ಬಿಸಿದವರು ಯಾರೆಂದು ತನಗೆ ಗೊತ್ತೇ ಇಲ್ಲ ಎಂದು ಮಹದೇವಸ್ವಾಮಿ ಹೇಳುತ್ತಾರೆ. ಗೊತ್ತಿಲ್ಲದ್ದೇ ತಪ್ಪು ಎಂದು ಸಿದ್ದರಾಜು ಹೇಳುತ್ತಾರೆ.

ಅಂದಿನಿಂದ ಇಬ್ಬರ ನಡುವಿನ ಎಲ್ಲ ವ್ಯವಹಾರವೂ ಕಂಪ್ಯೂಟರ್ ಕೆಲಸದ ಪವಿತ್ರಳ ಮೂಲಕ ನಡೆಯುತ್ತಿತ್ತು. ಚಿಕ್ಕಯ್ಯನಛತ್ರದ ಈ ಹುಡುಗಿ ಇಬ್ಬರ ಮೇಜಿನ ನಡುವೆ ಕೂತಿದ್ದೇ ಅವಳ ದುರದೃಷ್ಟ.

"ಪವಿತ್ರ, ಅವ್ರಿಗ ಏಳವ್ವ, ಗಾಡಿ ಬಂದದ ಅಂತ," ಎನ್ನುತ್ತಿದ್ದರು ಮಹದೇವಸ್ವಾಮಿ.

"ಪವಿತ್ರ, ಅವ್ರಿಗ ಏಳವ್ವ, ನಂಗೂ ಕಣ್ಣವ ಅಂತ."

ಒಂದು ದಿನ ಪವಿತ್ರ ರಜಾ ಹಾಕಿದಳು. ಅವತ್ತು ಊದುಬತ್ತಿಯವರ ಪೆಟ್ಟಿಗೆಗಳು ಉಪ್ಪಿನಕಾಯಿಯವರಿಗೆ ಹೋದವು. ಉಪ್ಪಿನಕಾಯಿಯವರದು ಊದುಬತ್ತಿಯವರಿಗೆ ಹೋಯಿತು. ಮೈಸೂರಿನಲ್ಲಿರುವ ನಮ್ಮ ಮಾಲೀಕರು ಫೋನ್ ಮಾಡಿ, ಇನ್ನೊಮ್ಮೆ ಹೀಗಾದರೆ ಗಾಡಿ ತುಂಬುವ ವಿಭಾಗವನ್ನೇ ಮೈಸೂರಿಗೆ ತೆಗೆದುಕೊಂಡು ಹೋಗುತ್ತೇನೆ ಎಂದರು. ಬೈಯಲಿಲ್ಲ, ಮೆತ್ತಗೆ ಹೇಳಿದರು. ಅದಕ್ಕೇ ನನಗೆ ಭಯವಾಯಿತು. ಸಿದ್ದರಾಜು ಅವರ ತಾಯಿಗೆ ಕಣ್ಣು ಕಾಣುವುದಿಲ್ಲ. ದಿನಾ ಮಧ್ಯಾಹ್ನ ಒಂದಕ್ಕೆ ಮನೆಗೆ ಹೋಗಿ ತಾಯಿಗೆ ಊಟ ಬಡಿಸಿ ಬರುವ ಮನುಷ್ಯ. ಮೈಸೂರಿಗೆ ಹಾಕಿದರೆ ಕೆಲಸ ಬಿಡಬೇಕು, ಅಷ್ಟೇ.

ಇದೇ ಹೊತ್ತಿಗೆ ಮೈಸೂರಿನ ಹೋಟೆಲೊಂದರಲ್ಲಿ ಮ್ಯಾನೇಜರುಗಳಿಗೆಂದು ಒಂದು ದಿನದ ತರಬೇತಿ ನಡೆಯಿತು. ಮಾತಾಡಿದವನು ನನ್ನ ದೊಡ್ಡ ಮಗನ ವಯಸ್ಸಿನವನು. ಒಟ್ಟಿಗೆ ಓಡಿದವರು, ಒಟ್ಟಿಗೆ ಬೆಟ್ಟ ಹತ್ತಿದವರು, ಒಟ್ಟಿಗೆ ಬೆವರು ಸುರಿಸಿದವರು ಆಮೇಲೆ ಒಟ್ಟಿಗೆ ಕೆಲಸವನ್ನೂ ಮಾಡುತ್ತಾರೆ ಎಂದ. ಕಷ್ಟವಾದ ಒಂದು ಗುರಿ ಇಟ್ಟು ಇಡೀ ತಂಡವನ್ನು ಅದರ ಮುಂದೆ ನಿಲ್ಲಿಸಿ ಎಂದ. ಊಟದಲ್ಲಿ ಎರಡು ಥರ ಸಿಹಿ ಇತ್ತು. ನನಗೆ ಎಲ್ಲವೂ ಸರಿ ಎನಿಸಿತು. ವಾಪಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಭಾನುವಾರ ಬೆಳಿಗ್ಗೆ ನಾವು ಏಳು ಜನ ನಂಜನಗೂಡಿನಿಂದ ಟಿ. ನರಸೀಪುರದ ಸಂಗಮದವರೆಗೆ ಸೈಕಲ್ ತುಳಿಯುವುದು. ಸುಮಾರು ಮೂವತ್ತು ಕಿಲೋಮೀಟರ್. ಹಿಂದಕ್ಕೆ ಸೈಕಲ್ಲುಗಳ ಸಮೇತ ಲಾರಿಯಲ್ಲಿ ಬರುವುದು. ಹನ್ನೆರಡರೊಳಗೆ ಎಲ್ಲರೂ ಮನೆಯಲ್ಲಿರುತ್ತೇವೆ ಎಂದು ಸಭೆ ಕರೆದು ಭರವಸೆ ಕೊಟ್ಟೆ.

ಮೇಡಂ ತುಳೀತೀರಾ ಎಂದು ಪವಿತ್ರ ಕೇಳಿದಳು. ನಾನು ಹೆಡತಲೆಯಲ್ಲಿ ಹುಟ್ಟಿದವಳು, ಹೈಸ್ಕೂಲಿಗೆ ದಿನಾ ಸೈಕಲ್ಲಿನಲ್ಲೇ ಹೋಗುತ್ತಿದ್ದೆ ಎಂದೆ. ಇದು ಸುಳ್ಳಲ್ಲ. ಸೈಕಲ್ ತುಳಿಯುತ್ತಿದ್ದದ್ದು ನಮ್ಮಣ್ಣ, ನಾನು ಹಿಂದೆ ಕ್ಯಾರಿಯರ್ ಮೇಲೆ ಕೂರುತ್ತಿದ್ದೆ ಎಂಬ ಸಣ್ಣ ವಿವರವನ್ನು ಸಭೆಯ ಮುಂದೆ ಇಡಲಿಲ್ಲ.

ನಮ್ಮ ಯಜಮಾನರು ಸರ್ಕಾರಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಓಡುವುದನ್ನು, ಜಿಗಿಯುವುದನ್ನು, ಬಿದ್ದರೆ ಏಳುವುದನ್ನು ಕಲಿಸುತ್ತಿದ್ದಾರೆ. ಅಂಥವರನ್ನು ಮನೆಯಲ್ಲಿಟ್ಟುಕೊಂಡು ನಾನು ಒಂದು ಮಾತೂ ಕೇಳಲಿಲ್ಲ. ಅವರಾಗಿಯೇ ಹೇಳಿದರು. ಹದಿನೈದು ದಿನವಾದರೂ ಅಭ್ಯಾಸ ಮಾಡಬೇಕು, ಬಿಸಿಲೇರುವ ಮುಂಚೆ ಹೊರಡಬೇಕು, ಹೊಟ್ಟೆ ತುಂಬ ತಿನ್ನಬಾರದು, ಮಗನ ಸೈಕಲ್ಲಿಗೆ ಗೇರ್ ಇದೆ, ಅದನ್ನು ಬದಲಾಯಿಸಲು ಕಲಿತುಕೋ ಎಂದರು.

"ರೀ, ಇದು ಕ್ರೀಡಾಕೂಟ ಅಲ್ಲ. ಇದು ಮ್ಯಾನೇಜ್‌ಮೆಂಟು," ಎಂದೆ.

ಅವರು ಪೇಪರು ಓದಲು ಕೂತರು.

ಎರಡು ಸಂಜೆ ಶಾಲೆಯ ಮೈದಾನದಲ್ಲಿ ಅಭ್ಯಾಸ ಮಾಡಿದೆ. ಮೊದಲ ಸಂಜೆ ಸೈಕಲ್ಲು ನನ್ನ ಮಾತು ಕೇಳಲಿಲ್ಲ. ಎರಡನೇ ಸಂಜೆ ಕೇಳಿತು. ಮೂರನೇ ಸಂಜೆ ಕುರ್ಚಿಯ ಮೇಲೆ ಕೂರಲು ಆಗದೆ ನಿಂತುಕೊಂಡೇ ಊಟ ಮಾಡಿದೆ. ಇನ್ನು ಅಭ್ಯಾಸದ ಅಗತ್ಯವಿಲ್ಲ ಎಂದು ಖಚಿತವಾಯಿತು.

ಉಳಿದದ್ದು ಟೀ ಶರ್ಟು. ಏಳು ಜನಕ್ಕೂ ಹಳದಿ ಬಣ್ಣದ ಶರ್ಟು, ಬೆನ್ನ ಮೇಲೆ ‘ಒಂದೇ ಗುರಿ, ಒಂದೇ ದಾರಿ’ ಎಂದು ಮುದ್ರಿಸಲು ಒಂದು ಅಂಗಡಿಗೆ ಫೋನಿನಲ್ಲೇ ಹೇಳಿದೆ. ಬರೆದು ಕಳಿಸಿ ಮೇಡಂ ಎಂದ ಅಂಗಡಿಯವನು. ಇಷ್ಟು ಸುಲಭದ ಕನ್ನಡ ಬರೆದು ಬೇರೆ ಕೊಡಬೇಕೇನಪ್ಪ ಎಂದು ಗದರಿದೆ. ಶನಿವಾರ ಸಂಜೆ ಗಂಟು ಬಂತು. ಬಿಚ್ಚಿ ನೋಡಿದರೆ, ಏಳು ಬೆನ್ನಿನ ಮೇಲೂ ದಪ್ಪ ಅಕ್ಷರದಲ್ಲಿ ‘ಒಂದೇ ಕುರಿ, ಒಂದೇ ದಾರಿ’!

ಬದಲಾಯಿಸಲು ಸಮಯವಿರಲಿಲ್ಲ. ಬೆನ್ನ ಮೇಲಿರುವುದು ನಮಗೆ ಕಾಣುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಭಾನುವಾರ ಆರಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು. ಸೈಕಲ್ಲುಗಳಿಗೆ ಪೂಜೆ ಎಂದು ಆರೂವರೆಯಾಯಿತು. ಫೋಟೊ ಎಂದು ಏಳಾಯಿತು. ಬರಿಹೊಟ್ಟೆಯಲ್ಲಿ ಕಳಿಸಿದರೆ ಮ್ಯಾನೇಜರ್ ಎನಿಸಿಕೊಳ್ಳುವುದು ಹೇಗೆ ಎಂದು ನಾನು ಎಲ್ಲರಿಗೂ ಇಡ್ಲಿ, ವಡೆ, ಕೇಸರಿಬಾತು ತರಿಸಿದ್ದೆ. ಎಂಟೂವರೆಗೆ ನಾವು ಹೊರಟಾಗ ಬಿಸಿಲು ನಮಗಿಂತ ಮುಂಚೆ ಹೊರಟಿತ್ತು.

ಹೊರಡುವ ಮುನ್ನ ನನ್ನ ಗುಪ್ತ ಯೋಜನೆಯನ್ನು ಜಾರಿಗೆ ತಂದೆ. ಪಂಕ್ಚರ್ ಹಾಕುವ ಸಾಮಾನೆಲ್ಲವನ್ನೂ ಸಿದ್ದರಾಜು ಕೈಗೆ ಕೊಟ್ಟೆ. ಗಾಳಿ ಹೊಡೆಯುವ ಪಂಪನ್ನು ಮಹದೇವಸ್ವಾಮಿ ಸೈಕಲ್ಲಿಗೆ ಕಟ್ಟಿಸಿದೆ. ಯಾರ ಸೈಕಲ್ ಪಂಕ್ಚರ್ ಆದರೂ ಇಬ್ಬರೂ ಸೇರಲೇಬೇಕು. ಮಾತಾಡದೆ ಎಲ್ಲಿಗೆ ಹೋಗುತ್ತಾರೆ? ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ನಾಯಕಿಯಾದ ನಾನು ಮುಂದೆ, ಉಳಿದವರು ಹಿಂದೆ, ಯಾರೂ ನನ್ನನ್ನು ದಾಟಬಾರದು ಎಂಬ ನಿಯಮವನ್ನೂ ಹೇಳಿದೆ.

ಮೊದಲ ಆರೇಳು ಕಿಲೋಮೀಟರ್ ಸೊಗಸಾಗಿತ್ತು. ರಸ್ತೆಯ ಎರಡೂ ಕಡೆ ಗದ್ದೆ, ತಣ್ಣನೆ ಗಾಳಿ, ಎದುರಿಗೆ ಬಂದವರೆಲ್ಲ ನಿಂತು ನೋಡುತ್ತಿದ್ದರು. ನಾನು ಕೈ ಬೀಸಿದೆ. ನಾವು ಮುಂದೆ ಹೋದ ಮೇಲೆ ಅವರು ನಗುತ್ತಿದ್ದದ್ದು ಕೇಳಿಸಿತು. ಒಂದು ಹಳ್ಳಿಯ ಟೀ ಅಂಗಡಿಯ ಮುಂದೆ ನೀರಿಗೆಂದು ನಿಂತಾಗ ಹಿರಿಯರೊಬ್ಬರು ಹತ್ತಿರ ಬಂದು, ಕುರಿ ಸಾಕೋಕೆ ಸಾಲ ಕೊಡೋ ಸಂಘದವರು ನೀವೇನಾ, ಅರ್ಜಿ ಎಲ್ಲಿ ಕೊಡಬೇಕು ಎಂದು ವಿಚಾರಿಸಿದರು. ಪವಿತ್ರ ಮುಖ ತಿರುಗಿಸಿಕೊಂಡಳು. ನಾನು ಅವರಿಗೆ ಒಗ್ಗಟ್ಟಿನ ಮಹತ್ವ ವಿವರಿಸಿದೆ. ಅವರು ಪೂರ್ತಿ ಕೇಳಿ, ಕುರಿಗೆ ಎಷ್ಟು ಕೊಡ್ತೀರಿ ಎಂದರು.

ಇದರಿಂದ ನನಗೆ ಸ್ವಲ್ಪ ರೋಷ ಬಂತು. ವೇಗ ಹೆಚ್ಚಿಸಿದೆ. ಮುಂದೆ ರಸ್ತೆ ಎರಡಾಯಿತು. ಹಿಂದಿನಿಂದ ಮಹದೇವಸ್ವಾಮಿ ಏನೋ ಕೂಗಿದರು. ಹುರಿದುಂಬಿಸುತ್ತಿದ್ದಾರೆ ಎಂದುಕೊಂಡೆ. ಈ ಕಡೆಯ ದಾರಿಗಳೆಲ್ಲ ನನಗೆ ಅಂಗೈ ಗೆರೆಯಷ್ಟೇ ಪರಿಚಯ. ನೆರಳು ಚೆನ್ನಾಗಿದ್ದ ಕಡೆಗೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಟಾರು ಮುಗಿದು ನಾಲೆಯ ಏರಿ ಬಂತು. ಒಳದಾರಿ, ಹತ್ತಿರವಾಗುತ್ತದೆ ಎಂದೆ. ಯಾರೂ ನನ್ನನ್ನು ದಾಟಬಾರದು ಎಂಬ ನಿಯಮವಿತ್ತಲ್ಲ, ಪಾಪ, ಆರು ಜನವೂ ಶಿಸ್ತಾಗಿ ಹಿಂದೆ ಬಂದರು. ಒಂದು ಗಂಟೆ ತುಳಿದೆವು. ನನ್ನ ಮೀನಖಂಡ ಕಲ್ಲಾಗಿತ್ತು. ಸೀಟಿನ ವಿಷಯ ಬರೆಯುವಂಥದ್ದಲ್ಲ.

ನಾಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬಾಕೆ ಎದುರಾದರು. ನರಸೀಪುರ ಇನ್ನೆಷ್ಟು ದೂರವಮ್ಮ ಎಂದು ಕೇಳಿದೆ. ಆಕೆ ಹೊರೆ ಇಳಿಸಿ, ನಮ್ಮ ಏಳು ಜನರನ್ನೂ ಒಂದು ಸುತ್ತು ನೋಡಿದರು.

"ನರಸೀಪುರಕ್ಕ ಇಂಗ್ಯಾಕ್ ಬಂದ್ರಿ ಕನವ್ವ? ಇಂಗೇ ಓದ್ರ ಏಳೆಂಟು ಮೈಲಿ ಸುತ್ತಾಕಿ ನಂಜನಗೂಡೇ ಸಿಕ್ತದ."

ಮಹದೇವಸ್ವಾಮಿ ಪವಿತ್ರಳ ಕಡೆ ತಿರುಗಿ, ತಾನು ಆ ಕವಲಿನಲ್ಲೇ ಕೂಗಿ ಹೇಳಿದ್ದನ್ನು ಮೇಡಂಗೆ ತಿಳಿಸುವಂತೆ ಹೇಳಿದರು. ಈಗ ನನ್ನ ಜೊತೆಯೂ ಪವಿತ್ರಳ ಮೂಲಕವೇ ಮಾತು ಶುರುವಾಗಿತ್ತು!

ಸೈಕಲ್ ತಿರುಗಿಸಲು ಹೋದಾಗ ನನ್ನ ಹಿಂದಿನ ಚಕ್ರ ಉಸ್ಸೆಂದಿತು. ಜಾಲಿ ಮುಳ್ಳು. ನನಗೆ ಒಳಗೊಳಗೇ ಸಂತೋಷ. ನನ್ನ ಯೋಜನೆಯ ಪರೀಕ್ಷೆ ಬಂತು. ಹೊಂಗೆ ಮರದ ಕೆಳಗೆ ಕೂತು ಕಾದೆ. ಸಿದ್ದರಾಜು ಬಂದು ಟ್ಯೂಬು ಬಿಚ್ಚಿ, ತೂತು ಹುಡುಕಿ, ಪಟ್ಟಿ ಅಂಟಿಸಿದರು. ಮಹದೇವಸ್ವಾಮಿ ಅಷ್ಟು ದೂರದಲ್ಲಿ ಪಂಪು ಹಿಡಿದು ನಿಂತಿದ್ದರು.

"ಪವಿತ್ರ, ಅವ್ರಿಗ ಏಳವ್ವ, ಗಾಳಿ ಒಡೀಬೌದು ಅಂತ."

ಮಹದೇವಸ್ವಾಮಿ ಬಂದು ಗಾಳಿ ಹೊಡೆದರು. ಸಿದ್ದರಾಜು ಅಷ್ಟರಲ್ಲಿ ದೂರ ಹೋಗಿ ನಿಂತಿದ್ದರು. ಒಂದೇ ಚಕ್ರವನ್ನು ಇಬ್ಬರು ಸೇರಿ ರಿಪೇರಿ ಮಾಡಿದರು, ಒಂದು ಮಾತೂ ಆಡಲಿಲ್ಲ. ತರಬೇತಿಯ ಹುಡುಗ ಇಂಥ ಸಂದರ್ಭಕ್ಕೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಆಗ ಹನ್ನೆರಡಾಗುತ್ತಾ ಬಂದಿತ್ತು. ಸಿದ್ದರಾಜು ಗಡಿಯಾರ ನೋಡಿಕೊಂಡರು. ನಾಲೆಯ ನೀರು ನೋಡಿದರು. ಮತ್ತೆ ಗಡಿಯಾರ ನೋಡಿಕೊಂಡರು. ನಾನು ಅದನ್ನು ಕಂಡೆ, ಆದರೆ ನನಗೆ ಏನೂ ಹೊಳೆಯಲಿಲ್ಲ. ಮಹದೇವಸ್ವಾಮಿಗೆ ಹೊಳೆಯಿತು. ಅವರು ಪಂಪನ್ನು ಕೆಳಗಿಟ್ಟು ಸಿದ್ದರಾಜು ಮುಂದೆ ಹೋಗಿ ನಿಂತರು. ಪವಿತ್ರ ಅಭ್ಯಾಸಬಲದಿಂದ ನಡುವೆ ಹೋಗಿ ನಿಂತಳು. ಅವರು ಅವಳನ್ನು ಪಕ್ಕಕ್ಕೆ ಸರಿಸಿದರು.

"ನಿಮ್ಮವ್ವಂಗ ಇವತ್ತು ಮದ್ಯಾನ್ನ ಯಾರ್ಲಾ ಉಣ್ಣಕಿಕ್ತಾರು?"

ಎಂಟು ತಿಂಗಳ ಮೇಲೆ ಬಂದ ಮೊದಲ ಮಾತು ಅದು. ಹನ್ನೆರಡರೊಳಗೆ ಮನೆ ಸೇರುತ್ತೇವೆ ಎಂದು ಮೇಡಂ ಹೇಳಿದ್ದರಿಂದ ಯಾರಿಗೂ ಹೇಳಿ ಬಂದಿಲ್ಲ, ಹಿತ್ತಲು ಮನೆಯವರೂ ಇವತ್ತು ಊರಲ್ಲಿಲ್ಲ ಎಂದರು ಸಿದ್ದರಾಜು. ಮಹದೇವಸ್ವಾಮಿ ಅಲ್ಲೇ ನಿಂತು ಕಳಲೆಗೆ ಫೋನ್ ಮಾಡಿದರು. ಮುದ್ದೆ ಮಾಡಿ, ಸೊಪ್ಪಿನ ಸಾರು ಸ್ವಲ್ಪ ಮೆತ್ತಗಿರಲಿ, ಡಬ್ಬಿಗೆ ಹಾಕಿ ದೊಡ್ಡವನ ಕೈಲಿ ಬೈಕಿನಲ್ಲಿ ಕಳಿಸು, ಅವನೇ ಕೂತು ಉಣಿಸಿ ಬರಲಿ ಎಂದು ಹೆಂಡತಿಗೆ ಹೇಳಿದರು. ಫೋನ್ ಜೇಬಿಗಿಟ್ಟು, ಸಿದ್ದರಾಜು ಮುಖ ನೋಡದೆ, "ಅವತ್ತು ನಿನ್ನ ಎಬ್ಬಿಸ್ದೋನು ನಮ್ಮ ಭಾಮೈದ ಕನ್ಲಾ. ಮಾರ್ನೇ ದಿನ್ವೇ ಗೊತ್ತಾಯ್ತು. ಏಳಕ್ಕ ನಾಚ್ಕ ಆಯ್ತು," ಎಂದರು.

ಸಿದ್ದರಾಜು ಮೂಗು ಒರೆಸಿಕೊಂಡರು. ಪವಿತ್ರ ಅಳುತ್ತಿದ್ದಳು, ಬಹುಶಃ ಬಿಡುಗಡೆಯ ಸಂತೋಷಕ್ಕೆ.

ಆ ಹೊತ್ತಿನಲ್ಲಿ ಬುದ್ಧಿಯಿರುವ ಯಾರೇ ಆದರೂ ಸುಮ್ಮನೆ ಕೂರುತ್ತಿದ್ದರು. ನಾನು ಮ್ಯಾನೇಜರ್. ಒಗ್ಗಟ್ಟಿನ ಬಗ್ಗೆ ನಾಲ್ಕು ಮಾತು ಆಡಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕದು ಎಂದು ಏಳಲು ಹೋದೆ. "ಸ್ನೇಹಿತರೇ" ಎಂದೆ. ಅಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಬಲಗಾಲಿನ ಮೇಲೆ ಭಾರ ಬಿಟ್ಟೆ. ಅದೂ ಹಿಡಿದುಕೊಂಡಿತು. ಏರಿಯ ಇಳಿಜಾರಿನಲ್ಲಿ ಉರುಳುತ್ತಾ ಹೋಗಿ, ಆಗತಾನೆ ನಾಟಿಗೆಂದು ಉತ್ತು ನೀರು ಕಟ್ಟಿದ್ದ ಗದ್ದೆಯಲ್ಲಿ ಕೂತೆ. ಕೂತೆ ಎನ್ನುವುದು ಮರ್ಯಾದೆಯ ಮಾತು.

"ನೀ ಕಾಲ್ ಇಡ್ಕ, ನಾ ತೋಳ್ ಇಡ್ಕತೀನಿ," ಎಂದರು ಮಹದೇವಸ್ವಾಮಿ.

"ಕಾಲು ಜಾರ್ತದ ಕನಣ್ಣ. ಸೊಂಟಕ್ಕ ಟವಲ್ ಆಕು," ಎಂದರು ಸಿದ್ದರಾಜು.

ಹದಿನೈದು ವರ್ಷ ಒಟ್ಟಿಗೆ ಲೋಡ್ ಎತ್ತಿದವರ ಹೊಂದಾಣಿಕೆಯೇ ಬೇರೆ. ಎರಡು ನಿಮಿಷದಲ್ಲಿ ನನ್ನನ್ನು ಏರಿಯ ಮೇಲೆ ಇಟ್ಟರು. ಇಡುವಾಗ ಸಿದ್ದರಾಜು ನನ್ನ ಸೈಕಲ್ ನೋಡಿ, ಮೇಡಂ ಬೆಳಿಗ್ಗೆಯಿಂದ ಬೆಟ್ಟ ಹತ್ತೋ ಹಾಗೆ ತುಳೀತಿದ್ರಲ್ಲ, ಗೇರ್ ಒಂದ್ಸಲವೂ ಬದಲಾಯಿಸ್ಲೇ ಇಲ್ವಾ ಎಂದು ಕೇಳಿದರು. ಕೆಸರು ಬಾಯೊಳಗೂ ಹೋಗಿದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು.

ಇಲ್ಲಿಗೇ ನಿಲ್ಲಿಸಿ ನಂಜನಗೂಡಿಗೆ ಹೋಗಿಬಿಡೋಣ ಎಂದು ನಾನೇ ಹೇಳಿದೆ. ಆಶ್ಚರ್ಯವೆಂದರೆ ಆರು ಜನರಲ್ಲಿ ಒಬ್ಬರೂ ಒಪ್ಪಲಿಲ್ಲ. ಇಷ್ಟು ದೂರ ಬಂದ ಮೇಲೆ ಸಂಗಮ ನೋಡೇ ಹೋಗುವುದು ಎಂದರು ಸಿದ್ದರಾಜು. ಮಹದೇವಸ್ವಾಮಿ ತಲೆಯಾಡಿಸಿದರು. ಆದರೆ ಮೇಡಂ ಗಾಡಿಯಲ್ಲಿ ಬರಲಿ ಎಂದು ಇಬ್ಬರೂ ಒಟ್ಟಾಗಿ ತೀರ್ಮಾನಿಸಿದರು. ಎಂಟು ತಿಂಗಳಲ್ಲಿ ಅವರು ಒಟ್ಟಾಗಿ ತೆಗೆದುಕೊಂಡ ಮೊದಲ ನಿರ್ಧಾರ ನನ್ನನ್ನು ತಂಡದಿಂದ ಇಳಿಸುವುದಾಗಿತ್ತು.

ನನ್ನನ್ನು ಟಾರು ರಸ್ತೆಯವರೆಗೆ ಸೈಕಲ್ ಮೇಲೆ ಕೂರಿಸಿ ತಳ್ಳಿಕೊಂಡು ಬಂದರು. ಅಲ್ಲಿ ಕೈ ಅಡ್ಡ ಹಾಕಿದಾಗ ನಿಂತದ್ದು ಒಂದು ಲಗೇಜ್ ಆಟೊ. ಹಿಂದೆ ಹತ್ತು ಹನ್ನೆರಡು ಕುರಿಗಳಿದ್ದವು. ಮುಂದಿನ ಸೀಟಿನಲ್ಲಿ ಆಗಲೇ ಇಬ್ಬರು ಕೂತಿದ್ದರು. ಡ್ರೈವರ್ ನನ್ನ ಬೆನ್ನ ಮೇಲಿನ ಅಕ್ಷರಗಳನ್ನು ನಿಧಾನವಾಗಿ ಓದಿಕೊಂಡ.

"ಇಂದ್ಗಡ ಅತ್ಕಳಿ ಅಕ್ಕ. ದಾರಿ ಒಂದೇಯ," ಎಂದ.

ಹೀಗೆ ನಾನು ಸೈಕಲ್ ಸಮೇತ ನಮ್ಮ ತಂಡದಲ್ಲೇ ಎಲ್ಲರಿಗಿಂತ ಮೊದಲು ನರಸೀಪುರ ತಲುಪಿದೆ. ಸಂಗಮದ ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆ. ಕೆಸರು ಒಣಗಿ ಬಿರುಕು ಬಿಡುತ್ತಿತ್ತು. ಸ್ನಾನಕ್ಕೆ ಬಂದವರು ನನ್ನಿಂದ ಸ್ವಲ್ಪ ದೂರದಲ್ಲಿ ಮುಳುಗಿದರು. ಪವಿತ್ರ ಫೋನ್ ಮಾಡಿದ್ದಳಂತೆ, ಸ್ಕೂಟರಿನಲ್ಲಿ ನಮ್ಮ ಯಜಮಾನರು ಬಂದರು. ಬಂದವರು ಏನೂ ಕೇಳಲಿಲ್ಲ. ಮಜ್ಜಿಗೆಯ ಬಾಟಲಿ ಕೊಟ್ಟು, ಪಕ್ಕದಲ್ಲಿ ಕೂತು ಮೀನಖಂಡ ತಿಕ್ಕಿದರು. ಅವರು ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ಗಂಟೆಯ ಸುಮಾರಿಗೆ ನಮ್ಮವರು ಬಂದರು. ಆರು ಹಳದಿ ಶರ್ಟುಗಳು ಸಾಲಾಗಿ ಬರುತ್ತಿದ್ದವು. ದೂರದಿಂದಲೇ ನಗು ಕೇಳಿಸುತ್ತಿತ್ತು. ಮಹದೇವಸ್ವಾಮಿ ಮುಂದಿದ್ದರು, ಒಂದು ಕೈ ಬಿಟ್ಟು ಸೈಕಲ್ ತುಳಿಯುತ್ತಿದ್ದರು. ನನ್ನ ಕಣ್ಣು ತುಂಬಿ ಬಂತು. ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಅಷ್ಟರಲ್ಲಿ ಸಿದ್ದರಾಜು, ನಾನು ನೋಡುತ್ತಿದ್ದೇನೆಂಬುದು ತಿಳಿಯದೆ, ಸೈಕಲ್ ನಿಲ್ಲಿಸಿ ಇಳಿದು, ಎದೆ ಮುಂದೆ ಮಾಡಿ "ಸ್ನೇಹಿತರೇ" ಎಂದು ಹೇಳಿ ದಬ್ಬನೆ ನೆಲಕ್ಕೆ ಕೂತು ತೋರಿಸಿದರು. ಮಹದೇವಸ್ವಾಮಿ ಹೊಟ್ಟೆ ಹಿಡಿದುಕೊಂಡರು. ನಮ್ಮ ಯಜಮಾನರ ಕೈ ನನ್ನ ಮೀನಖಂಡದ ಮೇಲೆ ಒಂದು ಕ್ಷಣ ನಿಂತಿತು. ನಗುತ್ತಿದ್ದರು ಎಂದು ನನ್ನ ಅನುಮಾನ.

ಅಂತೂ ಕೆಲಸವಾಯಿತು. ಆಮೇಲೆ ಒಂದು ಪೆಟ್ಟಿಗೆಯೂ ತಪ್ಪು ವಿಳಾಸಕ್ಕೆ ಹೋಗಿಲ್ಲ. ಗಾಡಿ ತುಂಬುವ ವಿಭಾಗ ನಂಜನಗೂಡಿನಲ್ಲೇ ಉಳಿಯಿತು. ಸಿದ್ದರಾಜು ಒಂದು ಗಂಟೆಗೆ ಮನೆಗೆ ಹೋಗುತ್ತಾರೆ. ವಾರಕ್ಕೊಂದು ದಿನ ಮಹದೇವಸ್ವಾಮಿಯೂ ಜೊತೆಗೆ ಹೋಗಿ ಆ ತಾಯಿಯ ಹತ್ತಿರ ಕೂತು ಬರುತ್ತಾರೆ. ಮಾಲೀಕರು ಫೋನ್ ಮಾಡಿ, ಏನು ಮಾಡಿದಿರಿ ಎಂದು ಕೇಳಿದರು. ಎಲ್ಲ ಯೋಜನೆಯ ಪ್ರಕಾರವೇ ನಡೆಯಿತು ಸಾರ್ ಎಂದೆ.

ಈಗ ನಮ್ಮ ಕಾರ್ಖಾನೆಯವರು ತಿಂಗಳಿಗೆ ಎರಡು ಭಾನುವಾರ ಸೈಕಲ್ ತುಳಿಯುತ್ತಾರೆ. ಅದಕ್ಕೊಂದು ವಾಟ್ಸಾಪ್ ಗುಂಪೂ ಇದೆ. ಅದರಲ್ಲಿ ಆರು ಜನರ ಜೊತೆ ನಮ್ಮ ಯಜಮಾನರೂ ಇದ್ದಾರೆ, ದಾರಿ, ಸಮಯ, ಗೇರು ಎಲ್ಲದಕ್ಕೂ ಅವರ ಮಾತೇ ಅಂತಿಮವಂತೆ. ನಾನು ಅದರಲ್ಲಿಲ್ಲ. ನಾನೇ ಕೇಳಿದೆ, ನನಗೇನು ಜವಾಬ್ದಾರಿ ಎಂದು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ, ತಿಂಡಿ ಮಾಡಿಕೊಂಡು ಬಸ್ಸಿನಲ್ಲಿ ಮುಂಚೆಯೇ ಹೋಗಿ ಕಾಯುವ ಕೆಲಸ ಕೊಟ್ಟರು. ಹೊಣೆ ಸಣ್ಣದೇನಲ್ಲ ಎಂದು ಸಂತೋಷದಿಂದಲೇ ಒಪ್ಪಿಕೊಂಡೆ.

ಕಳೆದ ಭಾನುವಾರ ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ. ಏಳು ಜನವೂ ಸಾಲಾಗಿ ಕೂತರು. ಮೊದಲ ತುತ್ತು ಬಾಯಿಗಿಟ್ಟು ಮಹದೇವಸ್ವಾಮಿ ಮತ್ತು ಸಿದ್ದರಾಜು ಒಂದೇ ಬಾಯಲ್ಲಿ ‘ಉಪ್ಪಿಲ್ಲ’ ಎಂದರು. ಎಂಟು ತಿಂಗಳು ಮಾತು ಬಿಟ್ಟಿದ್ದವರು ಹೀಗೆ ಒಂದೇ ಬಾಯಲ್ಲಿ ಮಾತಾಡುತ್ತಾರೆಂದರೆ, ನನ್ನ ಮ್ಯಾನೇಜ್‌ಮೆಂಟಿನಲ್ಲಿ ಏನೋ ಇರಲೇಬೇಕು. ಉಪ್ಪಿಟ್ಟಿನಲ್ಲಿ ಇಲ್ಲದಿದ್ದರೂ.